ಹೊರೆ ಹೊತ್ತವಳು ಒಳಗೆ ಉಂಟಾ?

ಬಾಗಿಗೆ ಹನ್ನೆರಡಾಣೆ ಕೂಲಿ ಬರಬೇಕು. ಅದರ ಜೊತೆಗೆ ಒಂದು ಉತ್ತರವೂ ಬರಬೇಕು. ಎರಡನ್ನೂ ಕೊಡಬೇಕಾದವರು ಧಾರವಾಡದ ಶೇಷಗಿರಿ ಮಾಸ್ತರರು. ೧೯೩೧ರ ಜನವರಿಯಲ್ಲಿ ಮಂಗಳೂರು ನೋಡಲು ಬಂದರು, ನೋಡಿದರು, ಹೋದರು. ಈಗ ಕೇಳಲು ಬಾಗಿಯೂ ಇಲ್ಲ, ಕೊಡಲು ಮಾಸ್ತರರೂ ಇಲ್ಲ. ಸತ್ತವರ ಹೆಸರು ಹಿಡಿದು ವಸೂಲಿಗೆ ನಿಲ್ಲುವುದು ಸಭ್ಯತೆಯಲ್ಲ ಎನ್ನುವವರಿದ್ದಾರೆ. ಬಂದರಿನಲ್ಲಿ ಕೂಲಿಕಾರರ ಸಂಘ ಕಟ್ಟಿ ಎರಡು ಸಲ ಜೈಲಿಗೆ ಹೋದ ನನ್ನಂಥವನಿಂದ ಸಭ್ಯತೆ ಕೇಳಬೇಡಿ.

ಬಾಗಿ ಉರ್ವದವಳು, ಬಿಲ್ಲವರ ಹೆಣ್ಣು. ಅವಳ ಅಪ್ಪ ಗೇಣಿ ಗದ್ದೆ ಮಾಡುತ್ತಿದ್ದ. ಗದ್ದೆ ಹೋಯಿತು, ಅಪ್ಪನೂ ಹೋದ. ಗಂಡ ಬೋಜ ಸರಕಿನ ಹಾಯಿದೋಣಿ ಮಂಜಿಯಲ್ಲಿ ಕೆಲಸಕ್ಕೆಂದು ಕಲ್ಲಿಕೋಟೆಗೆ ಹೋದವನು ಅಲ್ಲೇ ಇನ್ನೊಂದು ಒಲೆ ಹೂಡಿದ. ಸುದ್ದಿ ಬಂದ ದಿನ ಬಾಗಿ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಮರುದಿನ ತಲೆಗೆ ಸಿಂಬಿ ಇಟ್ಟುಕೊಂಡು ಬಂದರಿಗೆ ಬಂದಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಆ ಕಾಲದಲ್ಲಿ ಹೊಗೆ ಹಡಗು ಅಳಿವೆಯ ಹೊರಗೆ ಲಂಗರು ಹಾಕುತ್ತಿತ್ತು. ಜನ ದೋಣಿಯಲ್ಲಿ ಕುಲುಕುತ್ತ ಬಂದರಿಗೆ ಬಂದು ಇಳಿಯುತ್ತಿದ್ದರು. ನಮ್ಮ ಊರನ್ನು ನೋಡಬೇಕೆಂದೇ ಬಂದವರು ಅವರಲ್ಲಿ ಯಾರೂ ಇರುತ್ತಿರಲಿಲ್ಲ. ನೋಡುವವರು ಮೈಸೂರು ನೋಡುತ್ತಿದ್ದರು, ಹಂಪಿ ನೋಡುತ್ತಿದ್ದರು. ಮಂಗಳೂರು ದಾರಿಯಲ್ಲಿ ಅಡ್ಡ ಸಿಗುವ ಊರು. ಬೆಳಿಗ್ಗೆ ಇಳಿದವರಿಗೆ ರೈಲು ಸಂಜೆ. ನಡುವೆ ಇಡೀ ಒಂದು ದಿನ. ಟ್ರಂಕನ್ನು ಏನು ಮಾಡುವುದು, ತಮ್ಮನ್ನು ಏನು ಮಾಡಿಕೊಳ್ಳುವುದು ಎಂದು ತಿಳಿಯದೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಬಾಗಿ ಎರಡಕ್ಕೂ ಒಂದೇ ದಾರಿ ಕಂಡುಹಿಡಿದಳು. ಟ್ರಂಕನ್ನು ತಲೆಗೇರಿಸಿ, "ನನ್ನ ಹಿಂದೆ ಬನ್ನಿ, ಸಂಜೆಯೊಳಗೆ ಊರು ತೋರಿಸಿ ಸ್ಟೇಶನಿಗೆ ಮುಟ್ಟಿಸ್ತೇನೆ" ಎಂದಳು.

ಬಂದರಿನ ಹಳೆಯ ಮಸೀದಿಯ ಮರದ ಕೆತ್ತನೆ, ಹೆಂಚಿನ ಕಾರ್ಖಾನೆಗಳ ಚಿಮಣಿ ಸಾಲು, ಹೊಳೆಯ ಬದಿಗೆ ಟಿಪ್ಪುವಿನ ಕಾವಲು ಬುರುಜು ಸುಲ್ತಾನ್ ಬತ್ತೇರಿ. ಆಮೇಲೆ ಉರ್ವದಲ್ಲಿ ಅವಳ ಜಗಲಿ. ಬಂದವರಿಗೆ ಆಸರು ತಣಿಯಲು ಬೆಲ್ಲ ಮತ್ತು ನೀರು. ಅಲ್ಲಿಂದ ಗುಡ್ಡದ ದೇವಸ್ಥಾನ, ದೀಪಸ್ತಂಭದ ಗುಡ್ಡದ ಮೇಲಿನ ಚಿತ್ರದ ಚಾಪೆಲ್, ಕೊನೆಗೆ ರೈಲು. ದಾರಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತಿದ್ದವು. "ಇಷ್ಟು ಸಣ್ಣ ಊರಿಗೆ ಇಷ್ಟೆಲ್ಲ ಭಾಷೆ ಯಾಕೆ?" ಎಂದು ಯಾರೋ ಕೇಳಿದ್ದಕ್ಕೆ, "ಒಂದರಲ್ಲಿ ಬೈದದ್ದು ಇನ್ನೊಬ್ಬರಿಗೆ ಗೊತ್ತಾಗಬಾರದಲ್ಲ" ಎಂದಿದ್ದಳಂತೆ.

ಈ ಕೆಲಸದಲ್ಲಿ ಒಂದು ತೊಡಕಿತ್ತು. ತಲೆಯ ಮೇಲೆ ಟ್ರಂಕ್ ಇರುವಾಗ ಕತ್ತು ತಿರುಗಿಸುವ ಹಾಗಿಲ್ಲ. ಕತ್ತು ಎಡಕ್ಕೆ ಹೋದರೆ ಟ್ರಂಕ್ ಬಲಕ್ಕೆ ಹೋಗುತ್ತದೆ. ಆದ್ದರಿಂದ ಬಾಗಿ ನೇರ ಮುಂದೆ ನೋಡುತ್ತ, ಮುಂದಿನ ಗಾಳಿಗೆ ಕತೆ ಹೇಳುತ್ತಿದ್ದಳು. ಹಿಂದಿನವರು ಕೇಳಿಕೊಂಡು ಬರಬೇಕು. ಮೊದಲ ವರ್ಷ ಬೊಂಬಾಯಿಯ ಒಬ್ಬ ಸಾಹುಕಾರ ಎಳನೀರಿನ ಬೊಂಡ ಕುಡಿಯಲು ಅಂಗಡಿಯಲ್ಲಿ ನಿಂತದ್ದು ಅವಳಿಗೆ ತಿಳಿಯಲಿಲ್ಲ. ಅವಳು ಟಿಪ್ಪುವಿನ ಹಡಗುಗಳ ಕತೆ ಹೇಳುತ್ತ ಮುಕ್ಕಾಲು ಮೈಲಿ ನಡೆದಳು. ಹಂಪನಕಟ್ಟೆಯಲ್ಲಿ ಪೋಲೀಸು ತಡೆದ.

"ಯಾರ ಹತ್ರ ಮಾತಾಡ್ತಾ ಬರ್ತಿದ್ದಿ?"

"ಸಾಹುಕಾರ್‌ರ ಹತ್ರ."

"ಯಾವ ಸಾಹುಕಾರ್ರು?"

"ನನ್ನ ಹಿಂದೆ ಇದ್ದಾರಲ್ಲ."

"ನಿನ್ನ ಹಿಂದೆ ಒಂದು ನಾಯಿ ಉಂಟು ಮಾರಾಯ್ತಿ."

ಅಷ್ಟರಲ್ಲಿ ಸಾಹುಕಾರ "ಕಳ್ಳಿ, ಕಳ್ಳಿ" ಎಂದು ಕೂಗುತ್ತ ಓಡಿಬಂದ. ಜೊತೆಗಾತಿ ಹಬೀಬಾ ಬಂದು ಸಾಕ್ಷಿ ಹೇಳಿದ ಮೇಲೆಯೇ ಬಾಗಿಯನ್ನು ಬಿಟ್ಟದ್ದು. ಹಬೀಬಾ ಬ್ಯಾರಿ ಹೆಂಗಸು, ಬಂದರಿನಲ್ಲಿ ಮೆಣಸಿನ ಮೂಟೆ ಹೊರುವವಳು, ಬಾಯಿ ಜೋರು. ಆ ದಿನದಿಂದ ಬಂದರಿನವರೆಲ್ಲ "ಬಾಗೀ, ನಾಯಿಗೆ ಕತೆ ಇಷ್ಟ ಆಯ್ತಾ?" ಎಂದು ಕೇಳತೊಡಗಿದರು.

ಬಾಗಿ ಅದಕ್ಕೊಂದು ಕಟ್ಟಳೆ ಮಾಡಿದಳು. ಮಕ್ಕಳು ಅಜ್ಜಿಯ ಕತೆಗೆ ಹೂಂಗುಟ್ಟುವುದಿಲ್ಲವೇ, ಹಾಗೆಯೇ ಹಿಂದೆ ಬರುವವರು ಮಾತಿಗೊಂದು "ಹೂಂ" ಅನ್ನಬೇಕು. ಹೂಂ ನಿಂತರೆ ಅವಳೂ ನಿಲ್ಲುತ್ತಿದ್ದಳು. ವಕೀಲರು, ಜವಳಿ ವ್ಯಾಪಾರಿಗಳು, ಮದ್ರಾಸಿನ ಗುಮಾಸ್ತರು ಅವಳ ಹಿಂದೆ ಹೂಂ, ಹೂಂ ಎನ್ನುತ್ತ ಹೋಗುವುದನ್ನು ನೋಡಲು ಅಂಗಡಿಯವರು ಬಾಗಿಲಿಗೆ ಬರುತ್ತಿದ್ದರು.

ಇನ್ನೊಂದು ಕಟ್ಟಳೆ ದೇವಸ್ಥಾನದ್ದು. ಅದರ ಹೆಸರು ಹೇಳುವುದಿಲ್ಲ. ಆಗ ಎಲ್ಲ ದೊಡ್ಡ ದೇವಸ್ಥಾನಗಳೂ ಹಾಗೆಯೇ ಇದ್ದವು, ಒಂದನ್ನು ಹೆಸರಿಸಿದರೆ ಉಳಿದವು ನುಣುಚಿಕೊಳ್ಳುತ್ತವೆ. ಬಾಗಿಗೆ ಹೊರಗಿನ ಅಶ್ವತ್ಥಕಟ್ಟೆಯವರೆಗೆ ಮಾತ್ರ ದಾರಿ. ಬಂದವರು ಒಳಗೆ ಹೋಗುತ್ತಿದ್ದರು. ಇವಳು ಟ್ರಂಕ್ ಇಳಿಸಿ ಕಾಯುತ್ತಿದ್ದಳು. ಆದರೆ ಹೋಗುವ ಮುಂಚೆ ಮಾತು ತೆಗೆದುಕೊಳ್ಳುತ್ತಿದ್ದಳು: "ಹೊರಗೆ ಬಂದು ಎಂತ ನೋಡಿದಿರಿ ಅಂತ ನನಗೆ ಹೇಳ್ಬೇಕು. ಅದು ಕೂಲಿಯಲ್ಲಿ ಸೇರಿದ್ದು. ಹೇಳದಿದ್ರೆ ಟ್ರಂಕ್ ಏಳುದಿಲ್ಲ."

ಹಾಗೆ ಕೇಳಿ ಕೇಳಿ ಅವಳ ತಲೆಯೊಳಗೆ ಇಡೀ ದೇವಸ್ಥಾನ ಎದ್ದು ನಿಂತಿತ್ತು. ಎಷ್ಟು ಮೆಟ್ಟಿಲು, ಎಲ್ಲಿ ಕೊಳ, ದೇವರ ಕಣ್ಣು ಮುಚ್ಚಿದೆಯೋ ತೆರೆದಿದೆಯೋ, ಯಾವ ಮೂಲೆಯಲ್ಲಿ ಬಾವಲಿ ನಾತ. ಮುಂದೆ ಬಂದವರಿಗೆ ಅದನ್ನೇ ಹೇಳುತ್ತಿದ್ದಳು.

"ನೀನು ತೋರಿಸುದ್ರಲ್ಲಿ ಅರ್ಧ ನೀನೇ ನೋಡಿದ್ದಲ್ಲ" ಎಂದು ಹಬೀಬಾ ಕೆಣಕುತ್ತಿದ್ದಳು.

"ನೀನು ಮಕ್ಕಾದ ಸುದ್ದಿ ಹೇಳುದಿಲ್ವಾ? ನೀನು ಯಾವಾಗ ಹೋಗಿದ್ದಿ?"

ಹಬೀಬಾ ಸೋಲೊಪ್ಪುತ್ತಿದ್ದಳು. ಸೋತದ್ದಕ್ಕೆ ಒಂದು ವೀಳ್ಯದೆಲೆ ಮಡಿಸಿ ಕೊಡುತ್ತಿದ್ದಳು.

೧೯೨೪ರಲ್ಲಿ ಬೊಂಬಾಯಿಯಿಂದ ಬಂದ ಒಂದು ಸಂಸಾರದಲ್ಲಿ ನಳಿನಾಕ್ಷಿ ಎಂಬ ಆರು ವರ್ಷದ ಹುಡುಗಿ ಇದ್ದಳು. ದೊಡ್ಡವರು ಒಳಗಿಂದ ಬಂದು ಎಂದಿನ ಹಾಗೆ ಕೊಳ, ದೇವರು, ಗಂಟೆ ಎಂದರು. ಹುಡುಗಿ ಬಾಗಿಯ ಸೀರೆ ಎಳೆದಳು.

"ಒಳಗೆ ನಿನ್ನ ಹಾಗೆಯೇ ಒಬ್ಳು ಇದ್ದಾಳೆ."

"ನನ್ನ ಹಾಗೆ? ಕಸ ಗುಡಿಸುವವಳಾ?"

"ಅಲ್ಲ. ಕಲ್ಲಿನವಳು. ಕಂಬದಲ್ಲಿ. ತಲೆ ಮೇಲೆ ಹೊರೆ ಉಂಟು. ಅವಳಿಗೆ ಯಾರೂ ಇಳಿಸ್ಲಿಕ್ಕೆ ಹೇಳ್ಲೇ ಇಲ್ಲ."

ತಾಯಿ ನಕ್ಕು ಮಗುವನ್ನು ಎತ್ತಿಕೊಂಡಳು. ಬಾಗಿ ನಗಲಿಲ್ಲ. ದೇವಸ್ಥಾನದಲ್ಲಿ ದೇವರಿರುವುದು ಸರಿ. ರಾಜರು, ಆನೆ, ಕುಣಿಯುವ ಹೆಂಗಸರು ಇರುವುದೂ ಕೇಳಿ ಗೊತ್ತಿತ್ತು. ಆದರೆ ಹೊರೆಯವಳು? ಹೊರೆಯವಳನ್ನು ಒಳಗೆ ಬಿಟ್ಟವರು ಯಾರು? ಅಂದಿನಿಂದ ಒಳಗೆ ಹೋಗುವ ಪ್ರತಿಯೊಬ್ಬರಿಗೂ ಅವಳದು ಒಂದೇ ಪ್ರಶ್ನೆ. ಹೊರೆ ಹೊತ್ತವಳು ಒಳಗೆ ಉಂಟಾ? ಹೊರಗೆ ಬಂದವರು ಕೈ ಆಡಿಸುತ್ತಿದ್ದರು. ಹಾಗೆ ಯಾರೂ ಇಲ್ಲ. ಕಾಣಲಿಲ್ಲ. ನೋಡಲು ಮರೆತೆ. ಒಬ್ಬ ಗುಮಾಸ್ತ, "ದೇವರನ್ನು ನೋಡ್ಲಿಕ್ಕೆ ಹೋದವ ಹೊರೆಯವಳನ್ನು ಯಾಕೆ ನೋಡ್ತಾನೆ?" ಎಂದ. ಬಾಗಿ ಅವನ ಟ್ರಂಕನ್ನು ಸ್ಟೇಶನಿನ ಒಳಗೆ ಇಳಿಸದೆ ಹೊರಗಿನ ಜಟಕಾ ಕುದುರೆಗಳ ಸೆಗಣಿಯ ಪಕ್ಕ ಇಳಿಸಿದಳಂತೆ.

ಏಳು ವರ್ಷ ಹೀಗೆ ಹೋಯಿತು. ಇಷ್ಟರಲ್ಲಿ ಶೇಷಗಿರಿ ಮಾಸ್ತರರು ಬಂದರು.

ಕಾರವಾರದ ಕಡೆಯಿಂದ ಹಡಗಿನಲ್ಲಿ ಬಂದವರು. ಬಿಳಿ ಪಟಕ, ಕೈಯಲ್ಲಿ ಕೊಡೆ, ಕಿಸೆಯಲ್ಲಿ ನೋಟುಬುಕ್ಕು. ಇಷ್ಟು ವರ್ಷದಲ್ಲಿ ಮಂಗಳೂರು ನೋಡಬೇಕೆಂದೇ ಬಂದ ಮೊದಲನೆಯ ಮನುಷ್ಯ. ಬಾಗಿಗೆ ಖುಷಿಯೋ ಖುಷಿ. ಎಂಟಾಣೆಯ ಕೆಲಸಕ್ಕೆ ಅವರೇ ಹನ್ನೆರಡಾಣೆ ಎಂದರು.

"ಹೂಂ ಅನ್ನಲಿಕ್ಕೆ ನಾ ಏನು ತೊಟ್ಟಲದಾಗಿನ ಕೂಸೇನವಾ?"

"ಕೂಸಾದ್ರೆ ಎತ್ತಿಕೊಳ್ತಿದ್ದೆ ಮಾಷ್ಟ್ರೇ. ನೀವು ಹೂಂ ಅನ್ನದಿದ್ರೆ ನೀವು ಉಂಟೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗುದು?"

"ಆತು ಬಿಡು. ಹೂಂ. ನಡಿ."

ಅವರ ಹೂಂ ಅಂಥ ಚೆಂದದ ಹೂಂ ಎಂದು ಬಾಗಿ ಕೊನೆಯವರೆಗೂ ಹೇಳುತ್ತಿದ್ದಳು. ಬರೇ ಹೂಂ ಅಲ್ಲ, "ಹೂಂ? ಆಮ್ಯಾಲ?" ಎಂದು ಕೇಳುವ ಹೂಂ. ಅವರು ನಡೆಯುತ್ತ ಬರೆದುಕೊಳ್ಳುತ್ತಿದ್ದರು. ಬತ್ತೇರಿಯಲ್ಲಿ ಮದ್ದಿನ ಕೋಣೆ ಯಾವುದು, ಹೆಂಚಿನ ಆವೆಮಣ್ಣು ಎಲ್ಲಿಂದ ಬರುತ್ತದೆ, ಹೊಳೆಗೆ ಉಪ್ಪು ನೀರು ಯಾವ ತಿಂಗಳಲ್ಲಿ ಏರುತ್ತದೆ, ದೇರೆಬೈಲಿನ ಗದ್ದೆಯಲ್ಲಿ ಕಂಬಳದ ಕೋಣ ಓಡಿಸುವಾಗ ಹೆಂಗಸರು ಎಲ್ಲಿ ನಿಲ್ಲಬೇಕು, ಎಲ್ಲವೂ ಅವಳ ಬಾಯಿಂದಲೇ. ಉರ್ವದ ಜಗಲಿಯಲ್ಲಿ ಬೆಲ್ಲ ತಿಂದರು. ನೀರು ಮುಟ್ಟಲಿಲ್ಲ. ಬಾಗಿ ನೋಡಿಯೂ ನೋಡದ ಹಾಗೆ ಲೋಟ ಒಳಗೆ ಇಟ್ಟು, ಪಕ್ಕದವರಿಂದ ಒಂದು ಬೊಂಡ ಕೆತ್ತಿಸಿ ತಂದಳು. ಬೊಂಡಕ್ಕೆ ಜಾತಿ ಇಲ್ಲ.

ಅಶ್ವತ್ಥಕಟ್ಟೆಯಲ್ಲಿ ಟ್ರಂಕ್ ಇಳಿಸಿ ಅವಳು ಮಾಸ್ತರರಿಗೆ ಎಲ್ಲವನ್ನೂ ಹೇಳಿದಳು. ಹುಡುಗಿಯ ಮಾತು, ಏಳು ವರ್ಷದ ಪ್ರಶ್ನೆ. ಮಾಸ್ತರರು ಪೆನ್ಸಿಲು ನಿಲ್ಲಿಸಿ ಅವಳ ಮುಖ ನೋಡಿದರು.

"ಒಂದೂ ಕಂಬ ಬಿಡದಂಗ ನೋಡ್ತೀನಿ. ಬಂದು ನಿನಗ ಹೇಳ್ತೀನಿ. ಮಾತಂದ್ರ ಮಾತು."

ಬಾಗಿ ಕಾದಳು. ನೆರಳು ಕಟ್ಟೆಯ ಈ ಬದಿಯಿಂದ ಆ ಬದಿಗೆ ಹೋಯಿತು. ಕೊನೆಗೆ ಬಂದದ್ದು ಮಾಸ್ತರರಲ್ಲ, ಕೊಡಿಯಾಲ್‌ಬೈಲಿನ ಒಬ್ಬ ದೊಡ್ಡ ಮನುಷ್ಯರ ಆಳು.

"ಪೆಟ್ಟಿಗೆ ಕೊಡು. ಮಾಷ್ಟ್ರು ಒಳಗೆ ನಮ್ಮ ಧನಿಗಳಿಗೆ ಸಿಕ್ಕಿದ್ರು. ಉತ್ತರದ ಬಾಗಿಲಿಂದ ಮೋಟಾರಿನಲ್ಲಿ ಊಟಕ್ಕೆ ಹೋದ್ರು."

"ಕೂಲಿ?"

"ನಾಳೆ ಕೊಡ್ತಾರೇನೋ. ನನಗೆಂತ ಗೊತ್ತು?"

"ಕೂಲಿ ಆಮೇಲೆ ಆಗಲಿ. ಅವಳು ಒಳಗೆ ಉಂಟಾ ಇಲ್ವಾ, ಅಷ್ಟು ಕೇಳಿಕೊಂಡು ಬಾ."

ಆಳಿಗೆ ಇವಳಿಗೆ ತಲೆ ಸರಿ ಇಲ್ಲ ಎನಿಸಿತು. ಟ್ರಂಕ್ ಹೊತ್ತು ನಡೆದ. ಸಂಜೆ ಬಾಗಿ ಬರಿಗೈಯಲ್ಲಿ ಸ್ಟೇಶನಿಗೆ ಹೋದಳು. ಒಳಗೆ ಬಿಡಲಿಲ್ಲ. ಕಬ್ಬಿಣದ ಕಟಾಂಜನದ ಹೊರಗೆ ನಿಂತು, ರೈಲು ಹೊರಟಾಗ ಒಂದೇ ಸಲ ಕೂಗಿದಳು: "ಮಾಷ್ಟ್ರೇ, ಉಂಟಾ?" ಎಂಜಿನು ಜೋರಾಗಿತ್ತು. ಅವರಿಗೆ ಕೇಳಲಿಲ್ಲ ಎಂದೇ ಬಾಗಿ ನಂಬಿದ್ದಳು. ನಾನು ನಂಬುವುದಿಲ್ಲ. ಅವಳ ನಂಬಿಕೆಯನ್ನು ಕೆಡಿಸಲೂ ಇಲ್ಲ.

ಮರುವಾರ ಚಾಪೆಲ್ ಗುಡಿಸುವ ಫಿಲಿಪ್‌ನಿಗೆ ವಿಷಯ ತಿಳಿಯಿತು. ಅವನು ಬಾಗಿಯನ್ನು ಒಳಗೆ ಕರೆದ.

"ಇಷ್ಟು ವರ್ಷ ಜನರನ್ನು ತಂದಿ, ಒಂದು ದಿನ ಮೇಲೆ ನೋಡಿದ್ದುಂಟಾ? ಹೊರೆ ಹೊತ್ತು ಬಂದವಳು ಮಾಡು ನೋಡುದು ಹೇಗೆ? ಇವತ್ತು ತಲೆ ಖಾಲಿ ಉಂಟಲ್ಲ. ಅಂಗಾತ ಮಲಗು."

ಬಾಗಿ ತಣ್ಣನೆಯ ನೆಲದಲ್ಲಿ ಅಂಗಾತ ಮಲಗಿ ಚಾವಣಿಯ ಚಿತ್ರಗಳನ್ನೆಲ್ಲ ನೋಡಿದಳು. ಎದ್ದು ಕೇಳಿದಳು: "ಇದರಲ್ಲಿ ಹೊರೆ ಹೊತ್ತವಳು ಯಾರಾದ್ರೂ ಉಂಟಾ ಫಿಲಿಪ್?" ಫಿಲಿಪ್ ಹಣೆ ಬಡಿದುಕೊಂಡ.

ಮಾಸ್ತರರು ಪುಸ್ತಕ ಬರೆದರು. ನೀಲಿ ರಟ್ಟು, ನೂರ ಹನ್ನೆರಡು ಪುಟ, ನಮ್ಮ ಕಡೆಯ ನೋಡುವ ಸ್ಥಳಗಳ ಮೇಲೆ. ೧೯೪೦ರಲ್ಲಿ ಅದು ನನ್ನ ಕೈಗೆ ಸಿಕ್ಕಿತು. ಬಂದರಿನ ಸಂಘದ ಗುಡಿಸಲಲ್ಲಿ ಬಾಗಿಗೆ ಓದಿ ಹೇಳಿದೆ. ಮದ್ದಿನ ಕೋಣೆ ಬಂತು, ಆವೆಮಣ್ಣು ಬಂತು, ಉಪ್ಪು ನೀರು ಬಂತು. ಒಂದೊಂದು ವಾಕ್ಯಕ್ಕೂ ಬಾಗಿ "ಹೂಂ" ಎಂದಳು. ಜನ್ಮದಲ್ಲಿ ಮೊದಲ ಸಲ ಅವಳು ಹಿಂದೆ, ಕತೆ ಮುಂದೆ.

"ಇದು ನಾನು ಹೇಳಿದ್ದು, ಜಯ."

"ಹೌದು ಬಾಗಿಯಕ್ಕ."

"ಇದೂ ನಾನೇ."

"ಹೌದು."

"ನನ್ನ ಹೆಸರು ಎಲ್ಲಿ ಉಂಟು?"

ಹುಡುಕಿದೆ. ಹೆಸರಿನ ಜಾಗದಲ್ಲೆಲ್ಲ "ಸ್ಥಳೀಯರು ಹೇಳುತ್ತಾರೆ" ಎಂದಿತ್ತು. ಹನ್ನೊಂದು ಕಡೆ.

"ಸ್ಥಳೀಯರು ಅಂದ್ರೆ ಯಾರು?"

"ಊರಿನವರು."

"ಹೋಗಲಿ. ದೇವಸ್ಥಾನದ್ದು ಓದು."

ಓದಿದೆ. ಉದ್ದ ಎಷ್ಟು, ಅಗಲ ಎಷ್ಟು, ಶಾಸನ ಯಾವ ಶತಮಾನದ್ದು, ಕಂಬಗಳು ಇಪ್ಪತ್ತನಾಲ್ಕು. ಹೊರೆಯವಳ ಬಗ್ಗೆ ಒಂದು ಅಕ್ಷರ ಇರಲಿಲ್ಲ. ನಾನು ಪುಟ ಮಗುಚಿದೆ, ಮತ್ತೆ ಹಿಂದಕ್ಕೆ ಬಂದೆ.

"ಇಲ್ಲವೋ, ನೋಡ್ಲಿಲ್ವೋ?" ಎಂದಳು ಬಾಗಿ.

ಅವಳು ಸಿಂಬಿಯನ್ನು ಒದರಿ ತಲೆಗಿಟ್ಟು ಕೆಲಸಕ್ಕೆ ಎದ್ದಳು.

೧೯೪೭ರಲ್ಲಿ ಮದ್ರಾಸಿನ ಸರಕಾರ ದೇವಸ್ಥಾನಗಳನ್ನು ಎಲ್ಲ ಹಿಂದುಗಳಿಗೂ ತೆರೆಯುವ ಕಾನೂನು ತಂದಿತು. ನಾವು ಮೆರವಣಿಗೆ ಮಾಡಿದೆವು. ಹಾರ, ಭಾಷಣ, ಫೋಟೋ ಎಲ್ಲ ಆಯಿತು. ನಾನೂ ಮುಂದಿನ ಸಾಲಿನಲ್ಲಿ ನಿಂತು ಗಂಟಲು ಹರಿಯುವಷ್ಟು ಕೂಗಿದೆ. ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಯಿತು: ಬಾಗಿಯನ್ನು ಕರೆದಿರಲಿಲ್ಲ. ನಮ್ಮಲ್ಲಿ ಒಬ್ಬನಿಗೂ ನೆನಪಾಗಿರಲಿಲ್ಲ. ನಮ್ಮ ಚಳವಳಿಯ ಹೊಗಳಿಕೆ ಎಲ್ಲಿ ಓದಿದರೂ ನನಗೆ ಆ ಕಾಲು ತೊಳೆದ ನೀರು ನೆನಪಾಗುತ್ತದೆ.

ಮರುವಾರ ಉರ್ವಕ್ಕೆ ಹೋದೆ. ಬಾಗಿಗೆ ಆಗ ಐವತ್ತು ದಾಟಿತ್ತು. ಮಂಡಿ ನೋವಿನಿಂದ ಹೊರೆ ಬಿಟ್ಟಿದ್ದಳು.

"ಹೋಗುವ ಬಾಗಿಯಕ್ಕ."

"ಹಬೀಬಾ ಬರ್ತಾಳೆ. ಅವಳಿಲ್ಲದೆ ಹೋಗುದಿಲ್ಲ."

ಹಬೀಬಾ ಅಶ್ವತ್ಥಕಟ್ಟೆಯಲ್ಲಿ ಕಾಲು ಚಾಚಿ ಕುಳಿತಳು. "ಇಷ್ಟು ವರ್ಷ ನೀನು ಕೂತ ಜಾಗ ಇವತ್ತು ನನಗೆ. ಹೋಗಿ ಬಾ. ನನ್ನ ಕೂಲಿ ಎಂತ ಅಂತ ಗೊತ್ತುಂಟಲ್ಲ? ಒಂದೂ ಬಿಡದೆ ಹೇಳ್ಬೇಕು."

ಒಳಗೆ ಬಾಗಿಗೆ ದಾರಿ ತೋರಿಸಬೇಕಾಗಲಿಲ್ಲ. ಮೆಟ್ಟಿಲು ಎಣಿಸದೆ ಇಳಿದಳು, ಕೊಳದ ಕಡೆ ನೋಡದೆ ಬಲಕ್ಕೆ ತಿರುಗಿದಳು. "ಬಾವಲಿ ನಾತ ಇಲ್ಲಿಂದ ಸುರು" ಎಂದಳು, ಅಲ್ಲಿಂದಲೇ ಸುರುವಾಯಿತು. ಆಮೇಲೆ ಒಂದೊಂದೇ ಕಂಬ. ಕಂಬಗಳ ಮೇಲ್ಭಾಗ ನೋಡಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಬುಡ ನೋಡಿದಳು. ಆರು ವರ್ಷದ ಮಗುವಿನ ಕಣ್ಣು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ. ಅಷ್ಟು ವರ್ಷ, ಅಷ್ಟು ಓದಿದವರು, ಯಾರಿಗೂ ಹೊಳೆಯದ ಲೆಕ್ಕ.

"ಏ, ದೇವರು ಆ ಕಡೆ ಇದ್ದಾರೆ" ಎಂದು ಒಬ್ಬ ಪರಿಚಾರಕ ಗದರಿದ.

"ದೇವರು ಎಲ್ಲಿಗೆ ಹೋಗ್ತಾರೆ ಸ್ವಾಮಿ? ಅಲ್ಲೇ ಇರ್ತಾರೆ. ಬರ್ತೇನೆ."

ಹತ್ತೊಂಬತ್ತನೆಯ ಕಂಬದ ಎದುರಿಗೆ ಅಡುಗೆಯ ದೊಡ್ಡ ಕೊಪ್ಪರಿಗೆಯೊಂದನ್ನು ಕವುಚಿ ಇಟ್ಟಿದ್ದರು. ನಾನು ಅದನ್ನು ಸರಿಸಿದೆ. ಹಿಂದೆ, ಮಸಿ ಮತ್ತು ಎಣ್ಣೆ ಜಿಡ್ಡಿನ ಒಳಗೆ, ಒಂದು ಗೇಣು ಎತ್ತರದ ಕಲ್ಲಿನ ಹೆಂಗಸು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹೊರೆ, ಸೊಂಟಕ್ಕೆ ಬಿಗಿದ ಸೆರಗು.

ಬಾಗಿ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು. ತುಂಬ ಹೊತ್ತು ಒರೆಸಿದಳು. ಆಮೇಲೆ ಒಮ್ಮೆಲೆ ನಗತೊಡಗಿದಳು. ನಗು ಎಷ್ಟೆಂದರೆ ಕಂಬ ಹಿಡಿದುಕೊಳ್ಳಬೇಕಾಯಿತು.

"ಎಂತ ಬಾಗಿಯಕ್ಕ?"

"ನೋಡು ಮಗಾ, ಇವಳು ಕತ್ತು ತಿರುಗಿಸಿದ್ದಾಳೆ! ಹೊರೆ ಹೊತ್ತುಕೊಂಡು ಹಿಂದೆ ನೋಡ್ತಾ ಇದ್ದಾಳೆ. ಇದನ್ನು ಕೆತ್ತಿದವ ಜನ್ಮದಲ್ಲಿ ಒಂದು ಹೊರೆ ಹೊತ್ತವನಲ್ಲ."

ನಿಜ. ಕಲ್ಲಿನವಳ ಗಲ್ಲ ಹೆಗಲಿಗೆ ತಾಗಿತ್ತು. ಹಿಂದೆ ಬರುವ ಯಾರನ್ನೋ ನೋಡುತ್ತಿದ್ದಳು. ಹೊರೆ ಮಾತ್ರ ನೆಟ್ಟಗೆ ನಿಂತಿತ್ತು. ಬಾಗಿಯ ನಗು ಮೆಲ್ಲಗೆ ಇಳಿಯಿತು. ಬೆರಳಿನಿಂದ ಆ ಕತ್ತನ್ನು ಮುಟ್ಟಿ ನೋಡಿದಳು.

"ಬೀಳುದಿಲ್ಲ ನೋಡು" ಎಂದಳು ಸಣ್ಣ ದನಿಯಲ್ಲಿ. "ಪುಣ್ಯಾತ್ಗಿತ್ತಿ. ಹಿಂದೆ ಯಾರು ಉಂಟು ಅಂತ ನೋಡ್ಲಿಕ್ಕೆ ಇವಳಿಗೆ ಆಗ್ತದೆ."

ದೇವರ ಮುಂದೆ ಅವಳು ನಿಂತದ್ದು ಒಂದೇ ಗಳಿಗೆ. ಕಣ್ಣು ಮುಚ್ಚಿದೆಯೋ ತೆರೆದಿದೆಯೋ ನೋಡಿಕೊಂಡಳು. "ಅರ್ಧ ತೆರೆದದ್ದು. ಮದ್ರಾಸಿನ ಗುಮಾಸ್ತ ಹೇಳಿದ್ದೇ ಸರಿ" ಎಂದು ಹೊರಟಳು.

ಹೊರಗೆ ಹಬೀಬಾ ಎದ್ದು ನಿಂತಿದ್ದಳು. ಬಾಗಿ ಹೇಳತೊಡಗಿದಳು. ಮೆಟ್ಟಿಲು, ನಾತ, ಕೊಪ್ಪರಿಗೆ, ಮಸಿ, ಕತ್ತು. ಒಂದೊಂದಕ್ಕೂ ಹಬೀಬಾ "ಹೂಂ" ಎಂದಳು. ಗುಡ್ಡ ಇಳಿಯುವಾಗ ಬಾಗಿ ಮುಂದೆ, ಹಬೀಬಾ ಹಿಂದೆ. ತಲೆಯ ಮೇಲೆ ಏನೂ ಇರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಬಾಗಿ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಳು.

"ಎಂತಕ್ಕೆ ನೋಡ್ತಿ? ನಾನು ಹೂಂ ಅಂತ ಇದ್ದೇನಲ್ಲ" ಎಂದಳು ಹಬೀಬಾ.

"ಸುಮ್ಮನೆ. ನೋಡ್ಲಿಕ್ಕೆ ಆಗ್ತದಲ್ಲ, ಅದಕ್ಕೆ."

ಬಾಗಿ ೧೯೪೯ರ ಮಳೆಗಾಲದಲ್ಲಿ ಜ್ವರ ಬಂದು ಹೋದಳು. ಕಡೆಯ ನಾಲ್ಕು ದಿನ ಗಂಜಿ ಕುಡಿಸಿದವಳು ಹಬೀಬಾ. ಉತ್ತರವನ್ನು ಬಾಗಿ ತಾನೇ ಹೋಗಿ ತಂದುಕೊಂಡಳು. ಆ ಬಾಕಿಯನ್ನು ಮಾಸ್ತರರ ಹೆಸರಿನಿಂದ ತೆಗೆಯಬೇಕಾಗಿಲ್ಲ, ತೀರಿಸಿದವರು ಅವರಲ್ಲ. ಹನ್ನೆರಡಾಣೆ ಮುಳುಗಿದ್ದು ಮುಳುಗಿತು. ಆದರೆ ಪುಸ್ತಕ ಮುಳುಗಿಲ್ಲ. ಎರಡನೆಯ ಮುದ್ರಣವೂ ಆಗಿದೆ, ಶಾಲೆಗಳಿಗೂ ಹೋಗಿದೆ. ಕಂಬದಲ್ಲಿ ಹೊರೆಯವಳನ್ನು ಕೆತ್ತಿದವನಿಗೆ ಹೊರೆ ಗೊತ್ತಿರಲಿಲ್ಲ, ಆದರೂ ಕೆತ್ತಿದ. ಎದುರಿಗೆ ಇಡೀ ದಿನ ಹೊತ್ತು ನಡೆದವಳನ್ನು ಬರೆಯಲು ಮಾಸ್ತರರಿಗೆ ಆಗಲಿಲ್ಲ.

ಆ ನೀಲಿ ರಟ್ಟಿನ ಪುಸ್ತಕ ನಿಮ್ಮ ಮನೆಯಲ್ಲಿರಬಹುದು, ನಿಮ್ಮ ಊರಿನ ವಾಚನಾಲಯದಲ್ಲಿರಬಹುದು. ಹೋಗಿ ತೆಗೆಯಿರಿ. ಹನ್ನೊಂದು ಕಡೆ "ಸ್ಥಳೀಯರು ಹೇಳುತ್ತಾರೆ" ಎಂದಿದೆ. ಶಾಯಿಯಿಂದ ಹೊಡೆದು ಹಾಕಿ, ಮೇಲೆ "ಉರ್ವದ ಬಾಗಿ ಹೇಳಿದಳು" ಎಂದು ಬರೆಯಿರಿ. ವಾಚನಾಲಯದವರು ಬೈದರೆ ನನ್ನ ಹೆಸರು ಹೇಳಿ. ಹನ್ನೊಂದೂ ಕಡೆ. ಹತ್ತು ಬರೆದು ಸುಸ್ತಾಯಿತು ಎಂದು ನನ್ನ ಹತ್ತಿರ ಬರಬೇಡಿ.